ಹ್ಯಾಮ್ ಕ್ಲಬ್: ಹೊಸಬರ ಕೈಗೆ ಮೈಕು ಕೊಡಿ

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಗಗನಯಾನಿ ಶುಭಾಂಶು ಶುಕ್ಲಾ ಅವರು 2025ರ ಜುಲೈನಲ್ಲಿ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ಶಾಲಾ ಮಕ್ಕಳ ಜೊತೆ ಮಾತನಾಡಿದ್ದು ಹ್ಯಾಮ್ ರೇಡಿಯೊ ಮೂಲಕ. ನಿಲ್ದಾಣವು ದಿಗಂತದಲ್ಲಿ ಕಾಣಿಸಿಕೊಂಡು ಮರೆಯಾಗುವುದಕ್ಕೆ ಹತ್ತು ನಿಮಿಷ ಹಿಡಿದರೆ ಹೆಚ್ಚು. ಪ್ರಶ್ನೆ, ಉತ್ತರ ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ಮರುದಿನ ಪತ್ರಿಕೆ ನೋಡಿದ ಎಷ್ಟೋ ಮನೆಗಳಲ್ಲಿ ‘ನಾನೂ ಹೀಗೆ ಮಾತಾಡಬಹುದಾ?’ ಎಂಬ ಪ್ರಶ್ನೆ ಎದ್ದಿರಬೇಕು. ಮಾತಾಡಬಹುದು. ನಮ್ಮ ದೇಶದಲ್ಲಿ 12 ವರ್ಷ ತುಂಬಿದ ಯಾರು ಬೇಕಾದರೂ ಹವ್ಯಾಸಿ ರೇಡಿಯೊ, ಅಂದರೆ ಹ್ಯಾಮ್, ಪರೀಕ್ಷೆಗೆ ಕೂರಬಹುದು. ಆದರೆ ಹಾಗೆ ಕೇಳಿದ ಮಗುವಿನ ಕೈ ಹಿಡಿದು ಅಪ್ಪನೋ ಅಮ್ಮನೋ ಹತ್ತಿರದ ಹ್ಯಾಮ್ ಕ್ಲಬ್ಬಿಗೆ ಹೋದರೆ ಅಲ್ಲಿ ಅವರನ್ನು ಮಾತಾಡಿಸುವವರು ಯಾರು?

ಹ್ಯಾಮ್‌ಗಳ ಸಭೆಗಳಲ್ಲಿ ವರ್ಷಗಳಿಂದ ಕೇಳಿಬರುವ ಅಳಲು ಒಂದೇ: ಹೊಸಬರು ಬರುತ್ತಿಲ್ಲ, ಮೊಬೈಲ್ ಬಂದಮೇಲೆ ಯಾರಿಗೂ ಇದರ ಹುಚ್ಚು ಹಿಡಿಯುತ್ತಿಲ್ಲ. ಇದು ಅರ್ಧ ಸತ್ಯ. ಹೊಸಬರು ಬರುತ್ತಾರೆ, ನಿಲ್ಲುವುದಿಲ್ಲ. ತರಬೇತಿ ಶಿಬಿರ ನಡೆಯುತ್ತದೆ, ಮೂವತ್ತು ನಲವತ್ತು ಮಂದಿ ಸೇರುತ್ತಾರೆ, ಪ್ರಮಾಣಪತ್ರ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ. ವರ್ಷ ಕಳೆದು ನೋಡಿದರೆ ಅವರಲ್ಲಿ ಗಾಳಿಯಲ್ಲಿ ದನಿ ಕೇಳಿಸುವುದು ಬೆರಳೆಣಿಕೆಯವರದ್ದು. ಕ್ಲಬ್ಬುಗಳು ತಮ್ಮ ಶ್ರಮವನ್ನೆಲ್ಲ ಪರೀಕ್ಷೆಯವರೆಗಿನ ದಾರಿಗೆ ಸುರಿಯುತ್ತವೆ. ನಿಜವಾಗಿ ಕೈ ಹಿಡಿಯಬೇಕಾದದ್ದು ಪರೀಕ್ಷೆ ಮುಗಿದ ಮೇಲೆ.

ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸಾಗುವುದಕ್ಕೂ ಗಾಳಿಯಲ್ಲಿ ಗುರುತಾಗಿ ಬಳಸುವ ಕಾಲ್‌ಸೈನ್ ಕೈಗೆ ಬರುವುದಕ್ಕೂ ನಡುವೆ ಕಾಯುವ ಕಾಲವೊಂದಿದೆ. ಆ ಅವಧಿಯಲ್ಲಿ ಪ್ರಸಾರ ಮಾಡುವಂತಿಲ್ಲ. ಉತ್ಸಾಹ ಆರುವುದು ಇಲ್ಲೇ. ಕೇಳುವುದಕ್ಕಂತೂ ಅಡ್ಡಿಯಿಲ್ಲ, ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್ ಎಂಬ ಅಂತರ್ಜಾಲ ರಿಸೀವರ್ ತೆರೆದರೆ ಮೊಬೈಲಿನಲ್ಲೇ ಯುರೋಪಿನ ಹ್ಯಾಮ್‌ಗಳ ಮಾತು ಕೇಳುತ್ತದೆ. ‘ಈ ವಾರ ಇಂತಿಂಥದ್ದನ್ನು ಕೇಳಿ, ಕೇಳಿದ್ದನ್ನು ಲಾಗ್‌ನಲ್ಲಿ ಬರೆದು ತನ್ನಿ’ ಎಂದು ಹೇಳುವವರು ಒಬ್ಬರಿದ್ದರೆ ಕಾಯುವ ಕಾಲ ಕಲಿಯುವ ಕಾಲವಾಗುತ್ತದೆ. ಹಾಗೆ ಹೇಳುವವರೇ ಇರುವುದಿಲ್ಲ.

ಕಾಲ್‌ಸೈನ್ ಬಂತು ಎಂದುಕೊಳ್ಳಿ. ನಿಗದಿತ ಹೊತ್ತಿಗೆ ಒಂದೇ ಆವರ್ತನದಲ್ಲಿ ಹ್ಯಾಮ್‌ಗಳು ಸೇರುವ ಕೂಟಕ್ಕೆ ನೆಟ್ ಎನ್ನುತ್ತಾರೆ. ನೆಟ್ ಕಂಟ್ರೋಲ್ ಆದವರು ಒಬ್ಬೊಬ್ಬರನ್ನೇ ಸರದಿಯಂತೆ ಕರೆಯುತ್ತಾರೆ. ಹೊಸ ಹುಡುಗ ಮಾತಾಡುವ ಗುಂಡಿ ಪಿಟಿಟಿ ಒತ್ತಿ, ‘ವಿಕ್ಟರ್ ಯೂನಿಫಾರ್ಮ್ ತ್ರೀ...’ ಎಂದು ಶುರುಮಾಡುತ್ತಾನೆ. ಗಂಟಲು ಒಣಗಿದೆ, ಒಂದು ಅಕ್ಷರ ತಪ್ಪುತ್ತದೆ, ತಿದ್ದಿ ಮತ್ತೆ ಹೇಳುತ್ತಾನೆ. ‘ವೆಲ್‌ಕಮ್, ಫೈವ್ ನೈನ್, ಸ್ಟ್ಯಾಂಡ್ ಬೈ’ ಎಂದು ಉತ್ತರ ಬರುತ್ತದೆ. ಆಮೇಲೆ ಮುಕ್ಕಾಲು ಗಂಟೆ ಇಬ್ಬರು ಹಿರಿಯರು ತಮ್ಮ ಹೊಸ ಆಂಪ್ಲಿಫೈಯರ್ ಬಗ್ಗೆ ಚರ್ಚಿಸುತ್ತಾರೆ. ಹುಡುಗ ಸ್ಟ್ಯಾಂಡ್ ಬೈ ಆಗಿಯೇ ಉಳಿಯುತ್ತಾನೆ. ಮುಂದಿನ ವಾರ ಅವನ ಸೆಟ್ ಆನ್ ಆಗುವುದಿಲ್ಲ. ಯಾರೂ ಅವನನ್ನು ಬೈದಿಲ್ಲ, ಅವಮಾನ ಮಾಡಿಲ್ಲ. ಮರೆತರು, ಅಷ್ಟೇ. ನೆಟ್ ಕಂಟ್ರೋಲ್ ಮನಸ್ಸು ಮಾಡಿದ್ದರೆ ‘ಎಲ್ಲಿಂದ ಮಾತಾಡ್ತಿದ್ದೀರಿ? ಯಾವ ಆಂಟೆನಾ ಹಾಕಿದ್ದೀರಿ?’ ಎಂಬ ಎರಡು ಪ್ರಶ್ನೆ ಸಾಕಿತ್ತು. ಇನ್ನೂ ಒಳ್ಳೆಯದು, ತಿಂಗಳಿಗೊಮ್ಮೆ ನೆಟ್ ನಡೆಸುವ ಕೆಲಸವನ್ನೇ ಅವನಿಗೆ ಒಪ್ಪಿಸುವುದು. ತಪ್ಪಿದರೆ ಏನಂತೆ? ಹರಟೆಯ ನೆಟ್ಟಿನಲ್ಲಿ ಸರದಿ ತಪ್ಪಿದರೆ ಯಾರ ಮನೆಯೂ ಮುಳುಗುವುದಿಲ್ಲ.

ನಮ್ಮಲ್ಲಿ ಇನ್ನೊಂದು ವಿಚಿತ್ರವಿದೆ. ಮೋರ್ಸ್ ಸಂಕೇತದ ಪರೀಕ್ಷೆ ಬೇಡದ ರಿಸ್ಟ್ರಿಕ್ಟೆಡ್ ದರ್ಜೆಗೆ ಸಾಮಾನ್ಯವಾಗಿ ವಿಯು3, ಮೋರ್ಸ್ ಪರೀಕ್ಷೆ ದಾಟಿದ ಜನರಲ್ ದರ್ಜೆಗೆ ವಿಯು2 ಎಂಬ ಪೂರ್ವಾಕ್ಷರ. ಹೆಸರು ಹೇಳುವ ಮೊದಲೇ ದರ್ಜೆ ಬಯಲಾಗುತ್ತದೆ. ಕೆಲವು ಕ್ಲಬ್ಬುಗಳಲ್ಲಿ ಇದು ಪಂಕ್ತಿಭೇದವೇ ಆಗಿಬಿಟ್ಟಿದೆ. ಮೋರ್ಸ್ ಬಗ್ಗೆ ನನಗೆ ಅಸಡ್ಡೆಯಿಲ್ಲ. ಗದ್ದಲದ ಬ್ಯಾಂಡಿನಲ್ಲಿ ಕ್ಷೀಣ ಸಿಗ್ನಲ್ ಹಿಡಿಯುವುದರಲ್ಲಿ ಅದರ ಮುಂದೆ ಮಾತು ಸೋಲುತ್ತದೆ. ಆದರೆ ಮೋರ್ಸ್ ಕಡ್ಡಾಯವೆಂಬ ಅಂತರರಾಷ್ಟ್ರೀಯ ನಿಯಮ 2003ರಲ್ಲೇ ಸಡಿಲವಾಯಿತು, ಅಮೆರಿಕ 2007ರಲ್ಲಿ ಪೂರ್ತಿ ಕೈಬಿಟ್ಟಿತು. ನಮ್ಮ ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದಗಳ ವೇಗವನ್ನು ಉಳಿಸಿಕೊಂಡಿದ್ದೇವೆ. ನಿಯಮ ಇರುವಷ್ಟು ದಿನ ಪಾಲಿಸೋಣ. ಕ್ಲಬ್ಬಿನೊಳಗೂ ಅದನ್ನೇ ಯೋಗ್ಯತೆಯ ಅಳತೆಗೋಲು ಮಾಡಬೇಕಿಲ್ಲ. ಎಫ್‌ಟಿ8ಗೂ ಇದೇ ಮಾತು. 2017ರಲ್ಲಿ ಬಂದ ಈ ಡಿಜಿಟಲ್ ವಿಧಾನವನ್ನು ‘ಕಂಪ್ಯೂಟರ್ ಕಂಪ್ಯೂಟರಿನ ಜೊತೆ ಮಾತಾಡುತ್ತದೆ, ಮನುಷ್ಯ ಎಲ್ಲಿ?’ ಎಂದು ಹಿರಿಯರು ಮೂದಲಿಸುತ್ತಾರೆ. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಜೋ ಟೇಲರ್ ಭೌತವಿಜ್ಞಾನದಲ್ಲಿ 1993ರ ನೊಬೆಲ್ ಪಡೆದವರು ಎಂಬುದು ಮೂದಲಿಸುವವರಿಗೆ ನೆನಪಿರಲಿ. ಕೋಡಿಂಗ್ ಗೊತ್ತಿರುವ ಹುಡುಗಿಗೆ ರೇಡಿಯೊದ ಬಾಗಿಲು ಆ ಕಡೆಯಿಂದ ತೆರೆದರೆ ನಮಗೇನು ನಷ್ಟ?

ಹುಡುಗಿ ಅಂದಾಗ ಹೇಳಲೇಬೇಕು. ಮಹಿಳೆಯೊಬ್ಬರು ಕ್ಲಬ್ಬಿಗೆ ಬಂದರೆ ಎದುರಾಗುವ ಮೊದಲ ಪ್ರಶ್ನೆ ‘ಯಜಮಾನರು ಹ್ಯಾಮಾ ಮೇಡಂ?’ ಎಂಬುದು. ಕೇಳಿದವರಿಗೆ ಕೆಟ್ಟ ಉದ್ದೇಶವಿಲ್ಲ, ಆದರೆ ಬಂದವರಿಗೆ ತಮ್ಮ ಸ್ಥಾನ ಯಾವುದೆಂದು ಅಲ್ಲೇ ತಿಳಿದುಹೋಗುತ್ತದೆ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಹ್ಯಾಮ್ ತಂಡವೊಂದರ ಜೊತೆ ಪೋರ್ಟ್ ಬ್ಲೇರ್‌ನಲ್ಲಿದ್ದರು. ಅವರು ಹೋಗಿದ್ದದ್ದು ಹವ್ಯಾಸಕ್ಕೆ, ಅಪರೂಪಕ್ಕೆ ಸಿಗುವ ಅಂಡಮಾನ್ ಸಂಪರ್ಕವನ್ನು ಜಗತ್ತಿನ ಹ್ಯಾಮ್‌ಗಳಿಗೆ ಒದಗಿಸಲಿಕ್ಕೆ. 26ರಂದು ಸುನಾಮಿ ಬಂತು, ಫೋನುಗಳು ಸತ್ತವು. ದ್ವೀಪದಿಂದ ಹೊರಜಗತ್ತಿಗೆ ಸುದ್ದಿ ಮುಟ್ಟಿಸಿದವರಲ್ಲಿ ಆಕೆ ಮುಂಚೂಣಿಯಲ್ಲಿದ್ದರು. ತುರ್ತು ಸೇವೆಯ ಹೆಸರಿನಲ್ಲಿ ಹೊಸಬರನ್ನು ಕರೆಯುವ ಕ್ಲಬ್ಬುಗಳು ಈ ಪ್ರಸಂಗದ ಒಂದು ಮಗ್ಗುಲನ್ನು ಮರೆಯುತ್ತವೆ: ಪ್ರವಾಹ ಬಂದ ದಿನ ಯಾರೂ ಆಪರೇಟರ್ ಆಗುವುದಿಲ್ಲ. ವಾರವಾರ ಹರಟೆ ಹೊಡೆದು ಪಳಗಿದ ನಾಲಗೆಯೇ ಅಂದು ಕೆಲಸಕ್ಕೆ ಬರುವುದು. ಸ್ಟ್ಯಾಂಡ್ ಬೈ ಎನಿಸಿಕೊಂಡು ಹೊರಟುಹೋದ ಹುಡುಗ ಮುಂದಿನ ಭೂಕುಸಿತದ ಹೊತ್ತಿಗೆ ನಮ್ಮ ಜೊತೆ ಇರುವುದಿಲ್ಲ.

ಭಾಷೆಯ ತೊಡಕು ಬೇರೆ. ತಿಪಟೂರಿನ ಪಾಲಿಟೆಕ್ನಿಕ್ ಹುಡುಗನಿಗೆ ಓಮ್ಸ್ ನಿಯಮ ಗೊತ್ತು, ಬೆಸುಗೆ ಹಾಕಲು ಬರುತ್ತದೆ. ಅವನನ್ನು ತಡೆಯುವುದು ಕ್ಲಬ್ಬಿನ ಇಂಗ್ಲಿಷ್. ಕ್ಯೂ ಕೋಡುಗಳು, ಕಾಲ್‌ಸೈನ್ ಹೇಳುವ ಕ್ರಮ ಜಗತ್ತಿಗೆಲ್ಲ ಒಂದೇ ಇರಲಿ. ಉಳಿದ ಮಾತು, ಪಾಠ, ಸಭೆಯ ನಡಾವಳಿ ಕನ್ನಡದಲ್ಲಿ ನಡೆಯಬಾರದೇ?

ಸ್ವಾಗತ ಅಂದರೆ ಹಾರ, ಚಹಾ, ಬಿಸ್ಕತ್ತು ಎಂದು ತಿಳಿದವರಿಗೆ ಆಂಟೆನಾ ಕೆಲಸವನ್ನು ತೋರಿಸಬೇಕು. ಬೆಳಗಿನ ಹೊತ್ತು ನಮ್ಮ ಹ್ಯಾಮ್‌ಗಳು ಹೆಚ್ಚಾಗಿ ಸೇರುವ 7 ಮೆಗಾಹರ್ಟ್ಸ್ ಬ್ಯಾಂಡಿಗೆ ಒಂದು ಡೈಪೋಲ್ ಕಟ್ಟಲು ಸುಮಾರು 20 ಮೀಟರ್ ತಂತಿ ಬೇಕು, ಆ ಕಡೆ ಹತ್ತು, ಈ ಕಡೆ ಹತ್ತು. ಪುಸ್ತಕದಲ್ಲಿ ಇದು ಎರಡು ಸಾಲಿನ ಲೆಕ್ಕ. ತಾರಸಿ ಹತ್ತಿದಾಗ ನೀರಿನ ಟ್ಯಾಂಕು ಅಡ್ಡ, ಪಕ್ಕದ ಮನೆಯ ತೆಂಗಿನ ಮರ ಅಡ್ಡ, ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್ ಅಡ್ಡ. ಒಂದು ತುದಿಯನ್ನು ಒಬ್ಬರು ಹಿಡಿಯಬೇಕು, ಇನ್ನೊಬ್ಬರು ಹಗ್ಗ ಎಸೆಯಬೇಕು, ಮತ್ತೊಬ್ಬರು ಕೆಳಗೆ ಕೂತು ಆಂಟೆನಾದ ಹೊಂದಿಕೆ ತೋರಿಸುವ ಎಸ್‌ಡಬ್ಲ್ಯೂಆರ್ ಮೀಟರ್ ನೋಡುತ್ತ ‘ಇನ್ನೊಂದು ಗೇಣು ಕತ್ತರಿಸಿ’ ಎನ್ನಬೇಕು. ಒಬ್ಬಂಟಿ ಹೊಸಬ ಸೋಲುವುದು ಇಲ್ಲೇ. ಭಾನುವಾರ ಬೆಳಿಗ್ಗೆ ಕ್ಲಬ್ಬಿನ ಮೂವರು ಅವನ ತಾರಸಿಗೆ ಹೋದರೆ ಮಧ್ಯಾಹ್ನದ ಊಟಕ್ಕೆ ಮೊದಲು ಕೆಲಸ ಮುಗಿಯುತ್ತದೆ. ಇಂಥ ಒಂದು ಭಾನುವಾರ ಹತ್ತು ಸನ್ಮಾನ ಸಮಾರಂಭಗಳಿಗಿಂತ ಮೇಲು.

ರಿಗ್, ಅಂದರೆ ರೇಡಿಯೊ ಸೆಟ್, ದುಬಾರಿ ಎಂಬ ಮಾತೂ ಇದೆ, ಸುಳ್ಳಲ್ಲ. ಆದರೆ ಹೈದರಾಬಾದಿನ ಅಷ್ಹರ್ ಫರ್ಹಾನ್ ಎರಡು ದಶಕಗಳ ಹಿಂದೆಯೇ ಬಿಟ್‌ಎಕ್ಸ್ ಎಂಬ ಟ್ರಾನ್ಸೀವರ್ ವಿನ್ಯಾಸವನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಟ್ರಾನ್ಸಿಸ್ಟರುಗಳು, ಸುರುಳಿ ಸುತ್ತಲು ನಲ್ಲಿಯ ವಾಷರ್! ಜಗತ್ತಿನಾದ್ಯಂತ ಜನ ಅದನ್ನು ಕಟ್ಟಿದರು. ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಎಸ್.ಪಿ. ರಸ್ತೆ ಇರುವ ಬೆಂಗಳೂರಿನ ಕ್ಲಬ್ಬುಗಳಿಗೆ ಒಂದು ಬೆಸುಗೆ ಮೇಜು ಹಾಕುವುದು ಕಷ್ಟವೇ? ಇದೇ ಬೆಂಗಳೂರಿನಲ್ಲಿ ಇಸ್ರೊ 42.5 ಕೆ.ಜಿ. ತೂಕದ ಹ್ಯಾಮ್‌ಸ್ಯಾಟ್ ಉಪಗ್ರಹ ಕಟ್ಟಿತು. 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6ರಲ್ಲಿ ಮೇಲೇರಿದ ಅದು 2014ರವರೆಗೆ ಹ್ಯಾಮ್‌ಗಳ ದನಿಯನ್ನು ದೇಶದಿಂದ ದೇಶಕ್ಕೆ ದಾಟಿಸಿತು. ಉಪಗ್ರಹ ಕಟ್ಟಬಲ್ಲ ಊರಿಗೆ ಹೊಸಬರ ಮೇಜು ಭಾರವಾಗಬಾರದು.

ಹೊಸಬರ ಕೈಗೆ ಮೈಕು ಕೊಡುವುದಕ್ಕೆ ನಮ್ಮಲ್ಲೇ ಹಳೆಯ ಮಾದರಿಯೊಂದಿದೆ. ಮೈಸೂರಿನ ಪ್ರೊ. ಎಂ.ವಿ. ಗೋಪಾಲಸ್ವಾಮಿ ಮನಶ್ಶಾಸ್ತ್ರದ ಮೇಷ್ಟ್ರು. 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ಅದು ಹ್ಯಾಮ್ ಅಲ್ಲ, ಪ್ರಸಾರ ಎಂದು ನಿಯಮ ಬಲ್ಲವರು ತಕರಾರು ತೆಗೆಯಬಹುದು. ನನಗೆ ಮುಖ್ಯವಾಗಿ ಕಾಣುವುದು, ಅವರು ಯಂತ್ರವನ್ನು ಒಬ್ಬರೇ ಇಟ್ಟುಕೊಂಡು ಆಡಲಿಲ್ಲ, ಊರಿನವರನ್ನು ಕರೆದು ಮೈಕಿನ ಮುಂದೆ ಕೂರಿಸಿದರು ಎಂಬುದು.

ಹಿರಿಯ ಹ್ಯಾಮ್‌ಗಳ ಮೇಲೆ ದೂರು ಹೊರಿಸಲು ಇದನ್ನು ಬರೆಯುತ್ತಿಲ್ಲ. ಸ್ವಂತ ಖರ್ಚಿನಲ್ಲಿ ರಿಪೀಟರ್ ನೋಡಿಕೊಂಡವರು, ಕಾರ್ ರ‍್ಯಾಲಿಗಳಲ್ಲಿ ರಾತ್ರಿಯಿಡೀ ಕಾಡುದಾರಿಯಲ್ಲಿ ಕೂತವರು ಅವರೇ. ಕ್ಲಬ್ಬಿಗೆ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಇರುವಂತೆ ಹೊಸಬರ ಹೊಣೆ ಹೊತ್ತವರೊಬ್ಬರು ಇರಲಿ. ಪದಾಧಿಕಾರಿಗಳ ಪಟ್ಟಿಯಲ್ಲಿ ಅವರ ಹೆಸರು ಅಚ್ಚಾಗಲಿ. ಎಷ್ಟು ಮಂದಿ ಪಾಸಾದರು ಎಂದು ಕೇಳುವ ವಾರ್ಷಿಕ ಸಭೆ, ಎಷ್ಟು ಮಂದಿ ಮಾತಾಡಿದರು ಎಂದೂ ಅವರನ್ನು ಕೇಳಲಿ. ಪರೀಕ್ಷೆ ಪಾಸಾಗಿ, ಆಂಟೆನಾ ಇಲ್ಲದೆ ಸುಮ್ಮನೆ ಕೂತವರ ಹೆಸರು, ಫೋನ್ ನಂಬರು ಕ್ಲಬ್ಬಿನ ಹಳೆಯ ಶಿಬಿರದ ಹಾಜರಿ ಪುಸ್ತಕದಲ್ಲೇ ಇರುತ್ತವೆ. ಕಾರ್ಯದರ್ಶಿಗಳು ಈ ಭಾನುವಾರವೇ ಅವರಲ್ಲಿ ಮೂವರಿಗೆ ಕರೆ ಮಾಡಲಿ.