ಮುಕ್ತ ತಂತ್ರಾಂಶ: ವೇಳಾಪಟ್ಟಿ ತಪ್ಪಿದರೆ ಕನ್ನಡಕ್ಕೆ ಹೊಡೆತ

ಅಳ್ನಾವರ: ಹುಬ್ಬಳ್ಳಿ–ಲೋಂಡಾ ಮಾರ್ಗದ ಈ ಜಂಕ್ಷನ್‌ನಲ್ಲಿ ಅಂಬೇವಾಡಿ ಕಡೆಗೊಂದು ಹಳಿ ಕವಲೊಡೆಯುತ್ತದೆ. ತಡವಾಗಿ ಬಂದ ಪ್ರಯಾಣಿಕನಿಗಾಗಿ ರೈಲು ಕಾಯುವುದಿಲ್ಲ. ಆತ ಮುಂದಿನ ಗಾಡಿಯನ್ನೇ ಹಿಡಿಯಬೇಕು. ಮುಕ್ತ ತಂತ್ರಾಂಶದ ಹಲವು ದೊಡ್ಡ ಯೋಜನೆಗಳು ಎರಡು ದಶಕಗಳ ಹಿಂದೆ ಒಪ್ಪಿಕೊಂಡ ನಿಯಮವೂ ಇದೇ. ಒಂದು ಸೌಲಭ್ಯ ಸಿದ್ಧವಾಗಿಲ್ಲವೆಂದು ಬಿಡುಗಡೆಯನ್ನು ಮುಂದೂಡುವುದಿಲ್ಲ, ಅದನ್ನು ಮುಂದಿನ ಆವೃತ್ತಿಗೆ ಬಿಡಲಾಗುತ್ತದೆ.

ಈ ನಿಯಮಕ್ಕೆ ಕಾರಣವಿತ್ತು. ‘ಸಿದ್ಧವಾದಾಗ ಬಿಡುಗಡೆ’ ಎಂಬ ಧೋರಣೆಯ ಡೆಬಿಯನ್, 2002ರ ಜುಲೈ ನಂತರದ ಆವೃತ್ತಿಯನ್ನು ಹೊರತಂದದ್ದು 2005ರ ಜೂನ್‌ನಲ್ಲಿ. ಗ್ನೋಮ್ ಯೋಜನೆ ಆರು ತಿಂಗಳಿಗೊಮ್ಮೆ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಾಡುವ ಶಿಸ್ತಿಗೆ ಬಂತು. 2004ರ ಅಕ್ಟೋಬರ್‌ನಲ್ಲಿ ಆರಂಭವಾದ ಉಬುಂಟು, ಅದರ ಬೆನ್ನಿಗೇ ಏಪ್ರಿಲ್, ಅಕ್ಟೋಬರ್‌ಗಳನ್ನು ಆಯ್ದುಕೊಂಡಿತು.

ಕನ್ನಡದ ಮಟ್ಟಿಗೆ ಬಿಡುಗಡೆಯ ದಿನಕ್ಕಿಂತ ಅದಕ್ಕೆ ಮುಂಚಿನ ಇನ್ನೊಂದು ದಿನ ಮುಖ್ಯ. ಪರದೆಯಲ್ಲಿ ಕಾಣುವ ಇಂಗ್ಲಿಷ್ ವಾಕ್ಯಗಳನ್ನು ಇನ್ನು ಬದಲಿಸುವುದಿಲ್ಲವೆಂದು ತಂತ್ರಜ್ಞರು ಮಾತು ಕೊಡುವ ದಿನ ಅದು. ‘ಸ್ಟ್ರಿಂಗ್ ಫ್ರೀಜ್’ ಎಂದು ಅದಕ್ಕೆ ಹೆಸರು. ಹೆಚ್ಚಾಗಿ ಬಿಡುವಿನ ವೇಳೆಯಲ್ಲಿ ದುಡಿಯುವ ಅನುವಾದಕರಿಗೆ ಸಿಗುವುದು ಆ ದಿನದಿಂದ ಬಿಡುಗಡೆಯವರೆಗಿನ ಕೆಲವೇ ವಾರಗಳು. ಶೇ 80ರಷ್ಟು ಅನುವಾದವಾದ ಭಾಷೆಯನ್ನು ಮಾತ್ರ ಗ್ನೋಮ್ ‘ಬೆಂಬಲಿತ’ ಎಂದು ಪರಿಗಣಿಸುತ್ತ ಬಂದಿದೆ. ಕೊನೆಗಳಿಗೆಯಲ್ಲಿ ಯಾರೋ ಒಂದು ವಾಕ್ಯ ತಿದ್ದಿದರೆ ಕನ್ನಡ ಮೆನುವಿನ ನಡುವೆ ಇಂಗ್ಲಿಷ್ ಇಣುಕುತ್ತದೆ.

ವೇಳಾಪಟ್ಟಿ ಮುರಿದರೂ ಒಮ್ಮೊಮ್ಮೆ ಲಾಭವುಂಟು. 2006ರ ಏಪ್ರಿಲ್‌ಗೆ ಬರಬೇಕಿದ್ದ ಉಬುಂಟು, ಜೂನ್‌ಗೆ ಹೋಗಿ 6.06 ಎನಿಸಿಕೊಂಡಿತು. ಹೆಚ್ಚುವರಿಯಾಗಿ ಪಡೆದ ವಾರಗಳ ಉದ್ದೇಶಗಳಲ್ಲಿ ಭಾಷೆಗಳ ಅಳವಡಿಕೆಯೂ ಒಂದಾಗಿತ್ತು. ಆದರೆ ಆ ವಿಳಂಬವನ್ನು ಮೊದಲೇ ಘೋಷಿಸಲಾಗಿತ್ತು ಎಂಬುದನ್ನು ಮರೆಯುವಂತಿಲ್ಲ.

ತೀರಾ ಅವಸರವೂ ಒಳ್ಳೆಯದಲ್ಲ. ಫೈರ್‌ಫಾಕ್ಸ್ 2011ರಲ್ಲಿ ಆರು ವಾರಗಳ, 2020ರಲ್ಲಿ ನಾಲ್ಕು ವಾರಗಳ ಆವರ್ತನಕ್ಕೆ ಬಂತು. ಸುರಕ್ಷತೆಯ ದೃಷ್ಟಿಯಿಂದ ಇದು ಸರಿಯೇ. ಬೆರಳೆಣಿಕೆಯ ಅನುವಾದಕರ ಪಾಲಿಗೆ ಮಾತ್ರ ಇದು ಮುಗಿಯದ ಪರೀಕ್ಷೆ.

ನೆರೆಯ ಕೇರಳದ ಉದಾಹರಣೆ ಗಮನಾರ್ಹ. ಕಾಸರಗೋಡಿನ ಕನ್ನಡ ಶಾಲೆಗಳೂ ಸೇರಿದಂತೆ ಅಲ್ಲಿನ ಶಾಲೆಗಳಿಗೆ 2019ರಲ್ಲಿ ಒದಗಿಸಿದ ವ್ಯವಸ್ಥೆ, 2018ರ ಏಪ್ರಿಲ್‌ನ ಉಬುಂಟು 18.04 ಆಧರಿತವಾದದ್ದು. ಎರಡು ವರ್ಷಕ್ಕೊಮ್ಮೆ ಬರುವ, ಐದು ವರ್ಷ ದುರಸ್ತಿಯ ಭರವಸೆಯುಳ್ಳ ಆವೃತ್ತಿಗಳಲ್ಲಿ ಅದೂ ಒಂದು. ದಿನಾಂಕ ಮೊದಲೇ ಗೊತ್ತಿದ್ದುದರಿಂದ ಪರೀಕ್ಷೆ ನಡೆಸಲು ಒಂದು ವರ್ಷ ಸಾವಕಾಶ ದೊರೆಯಿತು.

ಎರಡು–ಮೂರು ಸ್ವಯಂಸೇವಕರಿಂದ ನಡೆಯುವ ಕನ್ನಡ ಫಾಂಟ್ ಅಥವಾ ಕೀಲಿಮಣೆ ಯೋಜನೆ ಈ ದೊಡ್ಡವರನ್ನು ಅನುಕರಿಸಬೇಕಿಲ್ಲ. ವರ್ಷಕ್ಕೊಂದು ಬಿಡುಗಡೆ ಸಾಕು. ಫೆಬ್ರುವರಿಯಲ್ಲಿ ವಾಕ್ಯಗಳಿಗೆ ಬೀಗ, ಮಾರ್ಚ್‌ನಲ್ಲಿ ಪರೀಕ್ಷೆ, ಏಪ್ರಿಲ್‌ನಲ್ಲಿ ಬಿಡುಗಡೆ ಎಂದಾದರೆ, ಅಳ್ನಾವರದಂಥ ಊರಿನ ಶಾಲೆಯ ಶಿಕ್ಷಕರು ಬೇಸಿಗೆ ರಜೆಯಲ್ಲೇ ಅದನ್ನು ಅಳವಡಿಸಿಕೊಂಡು, ದೋಷವಿದ್ದರೆ ಶಾಲೆ ತೆರೆಯುವ ಮುನ್ನ ತಿಳಿಸಬಹುದು.