ಡೀಸೆಲ್ ಕೆಟ್ಟರೆ ಹಸುವಿಗೇಕೆ ಇಂಜೆಕ್ಷನ್?

ಹೈನುಗಾರ ಅಕ್ಕಂದಿರೇ,

ಚಳಿಗಾಲದಲ್ಲಿ ನಮಗೆ ಬರುವ ಕರೆಗಳಲ್ಲಿ ಒಂದು ಬಗೆಯದು ಹೀಗಿರುತ್ತದೆ: "ಡಾಕ್ಟ್ರೇ, ಸಂಘದ ಟ್ಯಾಂಕಿನ ಹಾಲೆಲ್ಲ ಒಡೆದು ಹೋಯ್ತಂತೆ. ಯಾರದೋ ಹಸುಗೆ ಕೆಚ್ಚಲು ಬಾವು ಇರ್ಬೇಕು ಅಂತಾರೆ. ನಮ್ಮನೇದಕ್ಕೂ ಒಂದು ಇಂಜೆಕ್ಷನ್ ಹಾಕ್ಬಿಡಿ." ಹೋಗಿ ನೋಡಿದರೆ ಹಸು ಆರಾಮಾಗಿ ಮೆಲುಕು ಹಾಕುತ್ತಿರುತ್ತದೆ. ನಾಲ್ಕೂ ಮೊಲೆಯ ಹಾಲನ್ನು ಪರೀಕ್ಷೆಯ ತಟ್ಟೆಗೆ ಕರೆದು ದ್ರಾವಣ ಬೆರೆಸಿದರೆ ಒಂದರಲ್ಲೂ ಲೋಳೆ ಕಟ್ಟುವುದಿಲ್ಲ. ಸಂಘದಲ್ಲಿ ವಿಚಾರಿಸಿದಾಗ ನಿಜ ಹೊರಬೀಳುತ್ತದೆ. ರಾತ್ರಿ ಕರೆಂಟ್ ಹೋಗಿತ್ತು, ಜನರೇಟರ್ ಸ್ಟಾರ್ಟ್ ಆಗಲಿಲ್ಲ. ಯಾಕೆ ಅಂದರೆ, "ಚಳಿಗೆ ಡೀಸೆಲ್ ಗಟ್ಟಿಯಾಗಿತ್ತು."

ಈ ಉತ್ತರವನ್ನು ನೀವು ಸುಮ್ಮನೆ ಒಪ್ಪಿಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ಪಶುವೈದ್ಯರಿಗೆ ಡೀಸೆಲ್ ಉಸಾಬರಿ ಯಾಕೆ ಎಂದು ಕೆಲವರು ಕೇಳಬಹುದು. ಜನರೇಟರಿನ ಕಾಯಿಲೆಗೆ ಹಸುವಿನ ಮೈಗೆ ಸೂಜಿ ಚುಚ್ಚುವ ಹೊತ್ತು ಬಂದಾಗ ಅದು ನಮ್ಮ ಉಸಾಬರಿಯೇ ಆಗುತ್ತದೆ.

ಡೀಸೆಲ್ ಚಳಿಗೆ ಗಟ್ಟಿಯಾಗುವುದು ಸುಳ್ಳಲ್ಲ. ಡಬ್ಬಿಯಲ್ಲಿನ ಕೊಬ್ಬರಿ ಎಣ್ಣೆ ಡಿಸೆಂಬರ್ ಬೆಳಗಿಗೆ ಬೆಳ್ಳಗೆ ಹೆಪ್ಪಾಗುವುದನ್ನು ನೀವು ನೋಡಿದ್ದೀರಿ. ಡೀಸೆಲ್‌ನಲ್ಲಿ ಮೇಣದ ಅಂಶವಿರುತ್ತದೆ. ತಂಪು ಹೆಚ್ಚಿದಂತೆ ಆ ಮೇಣ ಸಣ್ಣ ಹರಳಾಗಿ ತೇಲುತ್ತದೆ, ಡೀಸೆಲ್ ಮಬ್ಬಾಗುತ್ತದೆ. ಹರಳುಗಳು ಮೊದಲು ಹೋಗಿ ಕೂರುವುದು ಫಿಲ್ಟರಿನಲ್ಲಿ. ಟ್ಯಾಂಕಿನಲ್ಲಿ ಡೀಸೆಲ್ ಇನ್ನೂ ಹರಿಯುತ್ತಿದ್ದರೂ ಫಿಲ್ಟರ್ ಕಟ್ಟಿಕೊಂಡು ಎಂಜಿನ್ನಿಗೆ ಎಣ್ಣೆ ಸಿಗದೆ ಅದು ನಿಲ್ಲುತ್ತದೆ. ಲಡಾಖ್‌ನಂಥ ಕಡೆ ಇದು ಪ್ರತಿ ವರ್ಷದ ಗೋಳು. ಅದಕ್ಕೇ 2019ರಲ್ಲಿ ಇಂಡಿಯನ್ ಆಯಿಲ್ ಕಂಪನಿ, ಸೊನ್ನೆಗಿಂತ 33 ಡಿಗ್ರಿ ಕೆಳಗಿನ ಚಳಿಯಲ್ಲೂ ಹರಿಯುವ ಚಳಿಗಾಲದ ಡೀಸೆಲನ್ನು ಅಲ್ಲಿಗೆಂದೇ ತಂದಿತು.

ನಮ್ಮಲ್ಲಿ ಅಂಥ ಚಳಿ ಎಲ್ಲಿದೆ? ಬೀದರ್, ವಿಜಯಪುರದ ಕಡೆ ಕೆಲವು ಬೆಳಗು 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ದೇಶದ ಡೀಸೆಲ್ ಮಾನಕದ ಪ್ರಕಾರ ಚಳಿಗಾಲದ ಡೀಸೆಲ್ 6 ಡಿಗ್ರಿಯವರೆಗೂ ಫಿಲ್ಟರ್ ಕಟ್ಟಬಾರದು. ಅಂದರೆ ಚಳಿಗಾಲದಲ್ಲಿ ಬಂಕಿನಿಂದ ತಾಜಾ ತಂದ ಡೀಸೆಲ್ ನಮ್ಮ ಚಳಿಗೆ ಹೆದರಬೇಕಾಗಿಲ್ಲ.

ಆದರೆ ಅದೇ ಮಾನಕದಲ್ಲಿ ಬೇಸಿಗೆಯ ಡೀಸೆಲ್‌ಗೆ ಇರುವ ಮಿತಿ 18 ಡಿಗ್ರಿ. ಎಲ್ಲ ಬೇಸಿಗೆ ಡೀಸೆಲ್ಲೂ 18 ಡಿಗ್ರಿಗೇ ಫಿಲ್ಟರ್ ಕಟ್ಟುತ್ತದೆ ಎಂದು ಇದರ ಅರ್ಥವಲ್ಲ, ಕಟ್ಟಿದರೂ ನಿಯಮ ಮೀರಿದಂತಲ್ಲ ಅಷ್ಟೇ. ಈಗ ನಿಮ್ಮ ಸಂಘದ ಮೂಲೆಯಲ್ಲಿರುವ ಡೀಸೆಲ್ ಕ್ಯಾನ್ ನೆನಪಿಸಿಕೊಳ್ಳಿ. ಅದನ್ನು ತುಂಬಿಸಿದ್ದು ಯಾವಾಗ? ಏಪ್ರಿಲ್, ಮೇ ತಿಂಗಳಲ್ಲಿ ತಂದದ್ದು ಡಿಸೆಂಬರ್‌ವರೆಗೆ ಕೂತಿದ್ದರೆ, ಗಟ್ಟಿಯಾಯಿತು ಎಂಬ ಮಾತು ನಿಜವೂ ಆಗಿರಬಹುದು. ತಪ್ಪು ಮಾತ್ರ ಚಳಿಯದಲ್ಲ.

ಹೀಗೆ ತಿಂಗಳುಗಟ್ಟಲೆ ಕೂತ ಡೀಸೆಲ್‌ಗೆ ಇನ್ನೊಂದು ರೋಗ ಹತ್ತುತ್ತದೆ. ನಮ್ಮ ಕಡೆ ಮೇಣಕ್ಕಿಂತ ಇದರದ್ದೇ ಕಾಟ ಹೆಚ್ಚು ಎಂದು ನನಗನ್ನಿಸುತ್ತದೆ. ಅರ್ಧ ಖಾಲಿ ಟ್ಯಾಂಕಿನೊಳಗಿನ ಗಾಳಿಯ ತೇವ ರಾತ್ರಿಯ ತಂಪಿಗೆ ಹನಿಯಾಗಿ ಇಳಿಯುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳಕ್ಕೆ ಸೇರುತ್ತದೆ. ಆ ನೀರು ಮತ್ತು ಡೀಸೆಲ್ ಕೂಡುವ ಕಡೆ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ. ತೊಳೆಯದ ಹಾಲಿನ ಕ್ಯಾನಿನ ತಳದಲ್ಲಿ ಲೋಳೆ ಕಟ್ಟುವ ಹಾಗೆಯೇ ಇಲ್ಲಿಯೂ ಕಪ್ಪು ಲೋಳೆ ಕಟ್ಟಿ ಫಿಲ್ಟರಿಗೆ ಮೆತ್ತಿಕೊಳ್ಳುತ್ತದೆ. ಇದರ ಮೇಲೆ ಬ್ಯಾಟರಿಯೂ ಸೊರಗಿದ್ದರೆ ಮುಗಿಯಿತು. ಡೀಸೆಲ್ ಎಂಜಿನ್ನಿಗೆ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ, ಒಳಗಿನ ಗಾಳಿಯನ್ನು ಒತ್ತಿದ ಬಿಸಿಗೇ ಅದು ಹೊತ್ತಬೇಕು. ಸೆಲ್ಫ್ ಮೆಲ್ಲಗೆ ಸುತ್ತಿದರೆ ಆ ಬಿಸಿ ಹುಟ್ಟುವುದಿಲ್ಲ.

"ಚಳಿಗಾಲ ಅಲ್ವಾ, ಒಂದು ರಾತ್ರಿಗೆ ಹಾಲು ಕೆಡುತ್ತಾ?" ಎಂದು ಕೇಳುವವರಿದ್ದಾರೆ. ಕೆಡುತ್ತದೆ. ನೀವು ಸಂಜೆ ಕರೆದು ತಂದ ಹಾಲು ಇನ್ನೂ ಬೆಚ್ಚಗಿರುತ್ತದೆ. ಬಿಎಂಸಿ ಟ್ಯಾಂಕಿನ ಗೋಡೆ ಫ್ಲಾಸ್ಕಿನ ಹಾಗೆ. ತಂಪಾದ ಹಾಲನ್ನು ತಂಪಾಗಿಯೇ ಇಡುತ್ತದೆ, ಬೆಚ್ಚಗಿನ ಹಾಲನ್ನು ಬೆಚ್ಚಗೂ ಇಡುತ್ತದೆ. ಹಾಲು 4 ಡಿಗ್ರಿಗೆ ಇಳಿಯುವ ಮೊದಲೇ ಯಂತ್ರ ನಿಂತರೆ ಹೊರಗಿನ ಚಳಿ ಅದಕ್ಕೆ ತಾಗುವುದೇ ಇಲ್ಲ. ಬೆಚ್ಚಗಿನ ಹಾಲಿನಲ್ಲಿ ಬ್ಯಾಕ್ಟೀರಿಯಾಗಳು ಹೆಚ್ಚುಕಡಿಮೆ ಅರ್ಧ ಗಂಟೆಗೊಮ್ಮೆ ಎರಡರಷ್ಟಾಗಬಲ್ಲವು. ಬೆಳಿಗ್ಗೆ ಟ್ಯಾಂಕರ್ ಬರುವ ಹೊತ್ತಿಗೆ ಕುದಿಸಿ ನೋಡಿದರೆ ಒಡೆಯುತ್ತದೆ.

ಕೆಚ್ಚಲು ಬಾವಿನ ಹಾಲು ಟ್ಯಾಂಕಿಗೆ ಸೇರಿದರೆ ಪರವಾಗಿಲ್ಲ ಎಂದು ನಾನು ಹೇಳುತ್ತಿಲ್ಲ. ಅದನ್ನು ಸೇರಿಸಲೇಬಾರದು. ಆದರೆ ಬಾವು ಬಂದ ಹಸು ಗುರುತು ಕೊಡುತ್ತದೆ: ಒಂದು ಮೊಲೆ ಊದಿರುತ್ತದೆ, ಮೊದಲ ಧಾರೆಯಲ್ಲಿ ಗರಣೆ ಬರುತ್ತದೆ, ಹಾಲು ಇಳಿಯುತ್ತದೆ. ಹೊರಗೆ ಏನೂ ಕಾಣದ ಒಳಬಾವು ತಟ್ಟೆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಇದಾವುದೂ ಇಲ್ಲದ ಹಸುವಿಗೆ ಅನುಮಾನದ ಮೇಲೆ ಆ್ಯಂಟಿಬಯೋಟಿಕ್ ಕೊಡಿಸಿದರೆ ಔಷಧದ ದುಡ್ಡು ಹೋಯಿತು. ಆ ಔಷಧಕ್ಕೆ ಹೇಳಿದಷ್ಟು ದಿನ ಹಾಲನ್ನು ಡೇರಿಗೆ ಹಾಕುವಂತಿಲ್ಲ, ಬಟವಾಡೆಯಲ್ಲಿ ಅಷ್ಟೂ ಖೋತಾ. ಟ್ಯಾಂಕ್ ಒಡೆದ ನಷ್ಟ ಸಂಘಕ್ಕೆ ಬಂದದ್ದು ನಿಮ್ಮ ಬೋನಸ್ಸಿನಲ್ಲೂ ಕಾಣಿಸುತ್ತದೆ. ಒಂದು ಕ್ಯಾನ್ ಹಳೆ ಡೀಸೆಲ್‌ಗೆ ನೀವು ಎರಡು ಸಲ ದಂಡ ಕಟ್ಟಿದ ಹಾಗಾಯಿತು. ಬೇಡದಿದ್ದರೂ ಪದೇ ಪದೇ ಕೊಟ್ಟರೆ, ನಿಜವಾಗಿ ಬಾವು ಬಂದಾಗ ಔಷಧ ನಾಟದಿರುವ ಅಪಾಯವೂ ಇದೆ.

ಹಾಗಾದರೆ ಏನು ಮಾಡಿಸಬೇಕು? ಕ್ಯಾನಿನ ಮೇಲೆ ಡೀಸೆಲ್ ತಂದ ತಾರೀಖು ಬರೆಸಿ. ಬೇಸಿಗೆಯದನ್ನು ದೀಪಾವಳಿಯೊಳಗೆ ಉರಿಸಿ ಮುಗಿಸಿ, ಹೊಸದು ತರಲಿ. ಟ್ಯಾಂಕನ್ನು ಅರ್ಧಂಬರ್ಧ ಬಿಡದೆ ತುಂಬಿಡಲಿ. ತೇವ ಇಳಿಯಲು ಜಾಗ ಇರುವುದಿಲ್ಲ. ಫಿಲ್ಟರಿನ ತಳದಲ್ಲಿ ನೀರು ಬಿಡುವ ತಿರುಪು ಇದ್ದರೆ ವಾರಕ್ಕೊಮ್ಮೆ ಬಿಚ್ಚಿ ನೀರು ಹೊರಬಿಡಲಿ. ವಾರಕ್ಕೊಮ್ಮೆ ಕಾಲು ಗಂಟೆ ಜನರೇಟರ್ ಓಡಿಸಲಿ, ಅದೂ ಹಾಲು ತಂಪು ಮಾಡುವ ಯಂತ್ರವನ್ನು ಅದರ ಮೇಲೇ ನಡೆಸಿ. ಡೀಸೆಲ್ ದಂಡ ಎಂದು ಕಾರ್ಯದರ್ಶಿ ಗೊಣಗಿದರೆ ಲೆಕ್ಕ ಹೇಳಿ: ಗಂಟೆಗೆ 3 ಲೀಟರ್ ಕುಡಿಯುವ ಜನರೇಟರ್ ಆದರೂ ಕಾಲು ಗಂಟೆಗೆ ಖರ್ಚು ಮುಕ್ಕಾಲು ಲೀಟರ್. 1000 ಲೀಟರ್ ಹಾಲಿನ ಮುಂದೆ ಅದೇನು ದೊಡ್ಡದು? ಓಡಿಸಿದ ದಿನ, ಹೊತ್ತು ಪುಸ್ತಕದಲ್ಲಿ ಬರೆದಿರಲಿ.

ಮಾಡಬಾರದ್ದೂ ಇದೆ. ತೆಳುವಾಗಲಿ ಎಂದು ಸೀಮೆಎಣ್ಣೆ ಬೆರೆಸುವವರಿದ್ದಾರೆ. ನಮ್ಮ ಹವೆಗೆ ಅದರ ಅಗತ್ಯವೇ ಇಲ್ಲ, ಪಂಪಿಗೆ ಬೇಕಾದ ಜಿಡ್ಡು ಕಡಿಮೆಯಾಗಿ ಅದು ಸವೆಯುತ್ತದೆ. ಪೆಟ್ರೋಲ್ ಬೆರೆಸುವುದು ಬೆಂಕಿಗೆ ಆಹ್ವಾನ. ಟ್ಯಾಂಕಿನ ಕೆಳಗೆ ಉರಿ ಹಾಕಿ ಬಿಸಿ ಮಾಡಲು ಯಾರಾದರೂ ಹೊರಟರೆ ಕೈ ಹಿಡಿದು ನಿಲ್ಲಿಸಿ. ಇನ್ನು ಡೀಸೆಲ್ ಕ್ಯಾನ್ ಹಾಲಿನ ಕೋಣೆಯಲ್ಲಿ ಇರಲೇಕೂಡದು. ಹಾಲು ವಾಸನೆ ಹೀರುತ್ತದೆ. ಡೀಸೆಲ್ ಮುಟ್ಟಿದ ಕೈಯಲ್ಲಿ ಹಾಲಿನ ಕ್ಯಾನ್ ಎತ್ತುವುದೂ ಬೇಡ.

ಮಹಿಳಾ ಸಂಘಗಳಲ್ಲಿಯೂ ಜನರೇಟರ್ ಕೋಣೆಯ ಬೀಗದ ಕೈ ಮಾತ್ರ ಯಾರೋ ಗಂಡಸರ ಜೇಬಿನಲ್ಲಿರುವುದನ್ನು ನಾನು ನೋಡಿದ್ದೇನೆ. ಅದು ಮೆಕ್ಯಾನಿಕ್ ವಿಷಯ, ನಮಗೆ ತಿಳಿಯುವುದಿಲ್ಲ ಎನ್ನುತ್ತೀರಿ. ಜಿಡ್ಡು, ಎಸ್‌ಎನ್‌ಎಫ್ ಎಂಬ ಮಾತೂ ಒಂದು ಕಾಲಕ್ಕೆ ಹಾಗೆಯೇ ಇತ್ತು. ಈಗ ಒಂದು ಪಾಯಿಂಟ್ ಕಡಿಮೆ ಬಂದರೂ ಕೌಂಟರಿನಲ್ಲೇ ನಿಂತು ಕೇಳುತ್ತೀರಿ. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ನಿರ್ದೇಶಕಿಯರಾಗಿರುವವರು ಮೂರೇ ಪ್ರಶ್ನೆ ಕೇಳಿ: ಡೀಸೆಲ್ ತಂದದ್ದು ಯಾವಾಗ, ಜನರೇಟರ್ ಕೊನೆಯ ಸಲ ಓಡಿದ್ದು ಯಾವಾಗ, ಬ್ಯಾಟರಿ ಎಷ್ಟು ವರ್ಷದ್ದು. ಉತ್ತರಗಳನ್ನು ನಡಾವಳಿಯಲ್ಲಿ ಬರೆಸಿ, ಬೀಗದ ಇನ್ನೊಂದು ಕೈಯನ್ನು ಹಾಲು ಪರೀಕ್ಷಕಿಯ ಬಳಿ ಇರಿಸಿ.