ಬಾಜಾ ಬಜಂತ್ರಿಯವರ ಸಂಘಕ್ಕೆ ಮುಂದಾಳು ಯಾರು?

ಹಲವಾಗಲು ಸುತ್ತಮುತ್ತ ಮದುವೆ ಅಂದರೆ ಹಿಂದಿನ ದಿನ ಸಂಜೆಯೇ ಬಾಜಾದವರು ಬಂದಿಳಿಯುತ್ತಾರೆ. ದೇವರ ಕಾರ್ಯ, ಬೀಗರನ್ನು ಎದುರುಗೊಳ್ಳುವುದು, ಅಕ್ಕಿಕಾಳು, ಮೆರವಣಿಗೆ, ಎಲ್ಲಕ್ಕೂ ಊದಬೇಕು, ಬಾರಿಸಬೇಕು. ಊಟ ಕಡೇ ಪಂಕ್ತಿಗೆ. ಎಲ್ಲ ಮುಗಿದ ಮೇಲೆ ದುಡ್ಡಿನ ಮಾತು. ಒಬ್ಬ ಕಡಿಮೆ ಬಂದಿದ್ದ, ಮೆರವಣಿಗೆ ತಡ ಆಯ್ತು, ಉಳಿದದ್ದು ಸುಗ್ಗಿಗೆ ಕೊಡ್ತೀವಿ. ನಾವು ಸುಮ್ಮನೆ ಬೇರೆಯವರನ್ನು ದೂರುತ್ತಿಲ್ಲ. ನಮ್ಮ ಮನೆಗಳ ಮದುವೆಗಳಲ್ಲೂ ಹೀಗೇ ಆಗಿದೆ.

ಇವರಿಗೊಂದು ಸಂಘ ಬೇಕು ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಕಲಾ ಸಂಘಗಳಿಗೆ ನಮ್ಮಲ್ಲಿ ಬರವೂ ಇಲ್ಲ. ಆದರೆ ಅವು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಆದವು. ಕಾರ್ಯಕ್ರಮಕ್ಕೆ ಅನುದಾನ ಕೇಳಬಹುದು, ಶಾಲು ಹೊದಿಸಬಹುದು. ಕೂಲಿ ಬಗ್ಗೆ ಮಾತಾಡುವುದು ಕಾರ್ಮಿಕ ಸಂಘದ ಕೆಲಸ. ಅದರ ನೋಂದಣಿಯೇ ಬೇರೆ. ಅರ್ಜಿಗೆ ಕನಿಷ್ಠ 7 ಜನ ಸಹಿ ಹಾಕಬೇಕು. 100 ಸದಸ್ಯರು ಸೇರಿದರೆ ಸಂಖ್ಯೆಯ ತಕರಾರೇ ಇರುವುದಿಲ್ಲ. ಹರಪನಹಳ್ಳಿ, ಹಡಗಲಿ, ಕೊಟ್ಟೂರು ಮೂರು ತಾಲ್ಲೂಕು ಸೇರಿಸಿದರೆ 100 ವಾದ್ಯಗಾರರು ಸಿಗದೆ ಇರುತ್ತಾರೆಯೇ?

ಕಾನೂನಿನಲ್ಲಿ ನಮಗೆ ಹಿಡಿಸಿದ ಮಾತು ಇನ್ನೊಂದಿದೆ. ಅಸಂಘಟಿತ ವಲಯದ ಕಾರ್ಮಿಕ ಸಂಘವಾದರೆ ಪದಾಧಿಕಾರಿಗಳಲ್ಲಿ ಕನಿಷ್ಠ ಅರ್ಧ ಜನ ಅದೇ ಕೆಲಸ ಮಾಡುವವರಿರಬೇಕು. ಅಂದರೆ ಅರ್ಧ ಕುರ್ಚಿಗಳಲ್ಲಿ ತುಟಿಗೆ ಕ್ಲಾರಿನೆಟ್ ಇಟ್ಟವರು, ಹೆಗಲಿಗೆ ಡ್ರಮ್ ಹಾಕಿದವರು ಕೂರಬೇಕು. ಉಳಿದರ್ಧಕ್ಕೆ ಪುಢಾರಿಗಳು ನುಗ್ಗದಂತೆ ನೋಡಿಕೊಳ್ಳುವುದು ಸದಸ್ಯರ ಕೈಯಲ್ಲಿದೆ.

ಇಲ್ಲೇ ಒಂದು ತೊಡಕು. ಬ್ಯಾಂಡ್ ಸೆಟ್ಟಿನ ಮೇಸ್ತ್ರಿಯೂ ನುಡಿಸುತ್ತಾನೆ. ಆದರೆ ಮುಂಗಡ ಹಿಡಿಯುವವನೂ, ಹುಡುಗರಿಗೆ ಪಾಲು ಹಂಚುವವನೂ ಅವನೇ. ಮದುವೆ ಮನೆಯ ಎದುರು ಅವನು ಕೂಲಿಯವನು, ಹುಡುಗರ ಎದುರು ಯಜಮಾನ. ಸಂಘ ಕಟ್ಟುವ ಧೈರ್ಯ, ನಾಲ್ಕು ಜನರ ಪರಿಚಯ ಇರುವುದೂ ಅವನಿಗೇ. ಹಾಗಾಗಿ ಅಧ್ಯಕ್ಷ ಅವನೇ ಆಗುತ್ತಾನೆ. ಆಗಲಿ ಬಿಡಿ. ಆದರೆ ಖಜಾಂಚಿಯಾಗಿ, ಕಾರ್ಯದರ್ಶಿಯಾಗಿ ಸೈಡ್ ಡ್ರಮ್ಮಿನ ಹುಡುಗ, ಹಲಗೆಯವನು ಇರಲೇಬೇಕು ಅಂತ ನಾವು ಹಟ ಹಿಡಿಯುತ್ತೇವೆ. ಮದುವೆಮನೆಯಿಂದ ಎಷ್ಟು ಬಂತು, ಯಾರಿಗೆ ಎಷ್ಟು ಹೋಯ್ತು ಎಂಬ ಲೆಕ್ಕ ಅವರ ಕಣ್ಣಿಗೆ ಬೀಳಬೇಕು.

ಸಂಗೀತಗಾರರು ತಾವೇ ಮುಂದೆ ನಿಂತು ಸಂಘ ಕಟ್ಟಿದ್ದು ಹೊಸದಲ್ಲ. ಹಿಂದೆ ನಮ್ಮ ಕನ್ನಡ ಸಿನಿಮಾ ಹಾಡುಗಳೂ ಮದ್ರಾಸಿನಲ್ಲೇ ರೆಕಾರ್ಡ್ ಆಗುತ್ತಿದ್ದವು. ಅಲ್ಲಿ ಪಿಟೀಲು, ತಬಲಾ, ಕೊಳಲಿನವರ ಸಂಘ ಕಟ್ಟಲು ಓಡಾಡಿದವರಲ್ಲಿ ಎಂ.ಬಿ. ಶ್ರೀನಿವಾಸನ್ ಪ್ರಮುಖರು. ಅವರೇ ಸಂಗೀತ ನಿರ್ದೇಶಕರು, ಮಲಯಾಳಂ ಸಿನಿಮಾದಲ್ಲಿ ದೊಡ್ಡ ಹೆಸರು. 1988ರಲ್ಲಿ ತೀರಿಕೊಂಡರು.

ಅಮೆರಿಕದ ಕಥೆ ಕೇಳಿದರೆ ನಮ್ಮ ಡಿಜೆ ಹಾವಳಿ ನೆನಪಾಗುತ್ತದೆ. ರೇಡಿಯೊ, ಹೋಟೆಲುಗಳಲ್ಲಿ ರೆಕಾರ್ಡ್ ಹಾಕಿ ವಾದ್ಯದವರ ಕೆಲಸ ಕಿತ್ತುಕೊಳ್ಳುತ್ತಿದ್ದಾರೆ ಅಂತ ಅಲ್ಲಿನ ಸಂಗೀತಗಾರರ ಒಕ್ಕೂಟ 1942ರ ಆಗಸ್ಟ್ 1ರಿಂದ ರೆಕಾರ್ಡಿಂಗನ್ನೇ ನಿಲ್ಲಿಸಿತು. ಮುಂದಾಳು ಜೇಮ್ಸ್ ಪೆಟ್ರಿಲ್ಲೊ, ಹುಡುಗನಾಗಿದ್ದಾಗ ಟ್ರಂಪೆಟ್ ಊದುತ್ತಿದ್ದವನು. ಡೆಕ್ಕಾ ಕಂಪನಿ ಮರುವರ್ಷ ಮಣಿಯಿತು, ಆರ್‌ಸಿಎ ವಿಕ್ಟರ್ ಮತ್ತು ಕೊಲಂಬಿಯಾ 1944ರ ನವೆಂಬರಿನಲ್ಲಿ. ಮಾರಾಟವಾದ ರೆಕಾರ್ಡಿನಿಂದ ಒಂದು ಪಾಲು ನಿಧಿಗೆ ಬಂತು, ಆ ದುಡ್ಡಿನಲ್ಲಿ ವಾದ್ಯಗಾರರಿಗೆ ಸಂಬಳ ಕೊಟ್ಟು ಜನರಿಗೆ ಪುಕ್ಕಟೆ ಕಛೇರಿ ಮಾಡಿಸಿದರು. ನಮ್ಮಲ್ಲಿ ಗಣಪತಿ ಮೆರವಣಿಗೆಗೆ ಡಿಜೆ ಬಾಕ್ಸು ಬಂದಾಗ ಶಬ್ದದ ಬಗ್ಗೆ ಜಗಳವಾಗುತ್ತದೆ. ಕೆಲಸ ಕಳೆದುಕೊಂಡವರ ಮಾತು ಎತ್ತುವವರು ಎಷ್ಟು ಮಂದಿ?

ಹಾಗಂತ ಪೆಟ್ರಿಲ್ಲೊನನ್ನು ಹೊತ್ತು ಮೆರೆಸುವುದು ಬೇಡ. ಊದುವುದು ಬಿಟ್ಟು ಸಂಘವನ್ನೇ ಕಸುಬು ಮಾಡಿಕೊಂಡ. 1940ರಿಂದ 1958ರವರೆಗೆ ಒಕ್ಕೂಟದ ಕುರ್ಚಿ ಬಿಡಲಿಲ್ಲ. ಅವನ ಊರು ಶಿಕಾಗೊದಲ್ಲಿ ಕರಿಯ ಸಂಗೀತಗಾರರದು 1902ರಿಂದ ಬೇರೆಯೇ ಘಟಕ. ಬಿಳಿಯರ ಘಟಕದ ಜೊತೆ ಅದು ಒಂದಾಗಿದ್ದು 1966ರಲ್ಲಿ.

ನಮಗೂ ಆ ಭಯವಿದೆ. ಸನಾದಿ ಒಂದು ಜಾತಿಯವರ ಕೈಯಲ್ಲಿ, ಹಲಗೆ ಇನ್ನೊಂದು, ಡೊಳ್ಳು ಮತ್ತೊಂದು. ಡೊಳ್ಳಿನ ತಂಡಕ್ಕೆ ವೇದಿಕೆ, ಹಲಗೆಯವರಿಗೆ ಗುಡಿಯ ಹೊರಗಿನ ಜಾಗ. ಒಂದೇ ಸಂಘದಲ್ಲಿ ಇವರೆಲ್ಲ ಒಂದೇ ಜಮಖಾನದ ಮೇಲೆ ಕೂರದಿದ್ದರೆ ದರ ನಿಗದಿ ಮಾಡಿ ಏನು ಪ್ರಯೋಜನ? ಒಬ್ಬರು ಬರಲ್ಲ ಅಂದರೆ ಇನ್ನೊಬ್ಬರನ್ನು ಅರ್ಧ ದುಡ್ಡಿಗೆ ಕರೆಸುತ್ತಾರೆ.

ಈಗ ಕೇಳದಿದ್ದರೆ ಇನ್ನೊಂದು ನಷ್ಟವೂ ಇದೆ. ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಕ್ಕೆ ರಾಜ್ಯ ಸರ್ಕಾರ 2024ರಲ್ಲಿ ಕಾಯ್ದೆ ತಂದಿದೆ. ಸಿನಿಮಾ ಟಿಕೆಟ್ ಮೇಲೆ ಶೇ 1ರಿಂದ 2ರವರೆಗೆ ಸೆಸ್, ಅದರಿಂದ ಒಂದು ನಿಧಿ. ವಾದ್ಯಗಾರರೂ ಅದರ ವ್ಯಾಪ್ತಿಯಲ್ಲಿದ್ದಾರೆ. ಆದರೆ ಕುರುವತ್ತಿ ಜಾತ್ರೆಯಲ್ಲಿ ಹಲಗೆ ಬಡಿಯುವವನೂ ಸಾಂಸ್ಕೃತಿಕ ಕಾರ್ಯಕರ್ತನೇ ಅಂತ ಬೆಂಗಳೂರಿನಲ್ಲಿ ಹೇಳುವವರು ಬೇಕಲ್ಲ. ನಮ್ಮ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಸೇರಿತು, ಆಮೇಲೆ ಮತ್ತೆ ಬಳ್ಳಾರಿಗೆ, 2021ರಿಂದ ವಿಜಯನಗರಕ್ಕೆ. ಕಲಾವಿದರ ಮಾಸಾಶನಕ್ಕೆ ಅರ್ಜಿ ಹಿಡಿದ ಮುದುಕ ಯಾವ ಊರಿನ ಬಸ್ಸು ಹತ್ತಬೇಕು ಅಂತ ಕೇಳುವುದೂ ತಮಾಷೆಯ ಮಾತಲ್ಲ.

ನುಡಿಸುವವರೇ ಮುಂದಾಳಾದರೆ ಸಭೆಗೆ ಪುರುಸೊತ್ತು ಎಲ್ಲಿ ಅನ್ನುವವರಿದ್ದಾರೆ. ಮುಹೂರ್ತದ ತಿಂಗಳುಗಳಲ್ಲಿ ಇರುವುದಿಲ್ಲ, ನಿಜ. ಆಷಾಢದಲ್ಲಿ ಮದುವೆಗಳಿಲ್ಲ. ಕ್ಲಾರಿನೆಟ್ಟು ಪೆಟ್ಟಿಗೆಯಲ್ಲಿ, ಡ್ರಮ್ಮು ಗೂಟಕ್ಕೆ. 7 ಸಹಿಗೆ ಆಲದ ಕಟ್ಟೆ ಸಾಕು.